ಸಾಂಟಾ ಫೆ: ಹಳತಾಗಲು ಠರಾವು ಮಾಡಿದ ಊರು

ಊರುಗಳು ಸಾಮಾನ್ಯವಾಗಿ ತಮ್ಮ ಪಾಡಿಗೆ ತಾವು ಹಳತಾಗುತ್ತವೆ. ಅದಕ್ಕಾಗಿ ಯಾರೂ ಸಭೆ ಸೇರುವುದಿಲ್ಲ. ನ್ಯೂ ಮೆಕ್ಸಿಕೋ ರಾಜ್ಯದ ರಾಜಧಾನಿ ಸಾಂಟಾ ಫೆಯಲ್ಲಿ ಮಾತ್ರ ಸಭೆ ಸೇರಿದರು. ಇನ್ನು ಮುಂದೆ ನಮ್ಮೂರು ಹಳೆಯ ಊರಿನ ಹಾಗೆಯೇ ಕಾಣಬೇಕು ಎಂದು 1912ರ ನಗರ ಯೋಜನೆಯಲ್ಲಿ ಬರೆದುಕೊಂಡರು. ಆ ಹೊತ್ತಿಗೆ ಊರಿಗೆ ಆಗಲೇ ಮುನ್ನೂರು ವರ್ಷ ದಾಟಿತ್ತು ಎನ್ನುವುದು ಇದರಲ್ಲಿರುವ ತಮಾಷೆ.

ನಾನಿರುವುದು ಅಲ್ಲಿಂದ ಕಾರಿನಲ್ಲಿ ಒಂದು ಗಂಟೆ ದೂರದ ಆಲ್ಬುಕರ್ಕಿಯಲ್ಲಿ. ಊರಿಂದ ನೆಂಟರು ಯಾರು ಬಂದರೂ ಒಂದು ದಿನ ಸಾಂಟಾ ಫೆಗೆ ಕರೆದೊಯ್ಯುವುದು ನಮ್ಮ ಮನೆಯ ಪದ್ಧತಿ. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಇದು ಅಮೆರಿಕಾನಾ? ಏಳು ಸಾವಿರ ಅಡಿ ಎತ್ತರದ ಒಣ ಗಾಳಿ, ಮಣ್ಣಿನ ಬಣ್ಣದ ಗೋಡೆಗಳು, ಮೂಲೆಗಳೆಲ್ಲ ಸವೆದು ದುಂಡಗಾದಂತಿರುವ ಮನೆಗಳು, ಗೋಡೆಯಿಂದ ಹೊರಕ್ಕೆ ಚಾಚಿದ ತೊಲೆಯ ತುದಿಗಳು. ಎತ್ತರದ ಕಟ್ಟಡವೆಂಬುದೇ ಇಲ್ಲ. ಚಳಿಗಾಲವಾದರೆ ಪಿನ್ಯೋನ್ ಎಂಬ ಕುಳ್ಳ ಪೈನ್ ಮರದ ಕಟ್ಟಿಗೆಯ ಹೊಗೆ ಬೀದಿಬೀದಿಯಲ್ಲೂ ಪರಿಮಳಿಸುತ್ತಿರುತ್ತದೆ.

1912ರಲ್ಲಿ ಹಾಗೆ ಮಾಡಿಕೊಳ್ಳಬೇಕಾಗಿ ಬಂದದ್ದಕ್ಕೆ ಕಾರಣ ರೈಲು. 1821ರಲ್ಲಿ ಮೆಕ್ಸಿಕೋ ಸ್ಪೇನಿನ ಕೈಯಿಂದ ಬಿಡಿಸಿಕೊಳ್ಳುವ ತನಕ ಹೊರಗಿನ ವ್ಯಾಪಾರಿಗಳಿಗೆ ಇಲ್ಲಿ ಪ್ರವೇಶವಿರಲಿಲ್ಲ. ಆ ವರ್ಷವೇ ಮಿಸೌರಿಯಿಂದ ವಿಲಿಯಂ ಬೆಕ್‌ನೆಲ್ ಎಂಬ ವ್ಯಾಪಾರಿ ಸರಕು ಹೇರಿಕೊಂಡು ಬಂದ. ಅವನು ತೆರೆದ ಸುಮಾರು 900 ಮೈಲಿಯ ಹಾದಿಯೇ ಸಾಂಟಾ ಫೆ ಟ್ರೇಲ್. 1846ರಲ್ಲಿ ಅಮೆರಿಕದ ಸೈನ್ಯವೂ ಇದೇ ಹಾದಿ ಹಿಡಿದು ಬಂದು ಒಂದು ಗುಂಡೂ ಹಾರಿಸದೆ ಊರನ್ನು ತೆಗೆದುಕೊಂಡಿತು. ಅರವತ್ತು ವರ್ಷ ಊರು ಬದುಕಿದ್ದು ಈ ಬಂಡಿದಾರಿಯ ಮೇಲೆ. ಆಮೇಲೆ ರೈಲು ಬಂತು. ಅದನ್ನು ಹಾಕಿದ ಕಂಪನಿಯ ಹೆಸರಿನಲ್ಲೇ ಸಾಂಟಾ ಫೆ ಇತ್ತು, ಮುಖ್ಯ ಹಳಿ ಮಾತ್ರ ಸಾಂಟಾ ಫೆಗೆ ಬರಲಿಲ್ಲ. ಬೆಟ್ಟದ ಏರು ಹೆಚ್ಚು, ಖರ್ಚು ಹೆಚ್ಚು ಎಂದು ದಕ್ಷಿಣಕ್ಕೆ ಲೇಮಿ ಎಂಬ ಜಾಗದ ಮೇಲೆ ಹಾದು ಹೋಯಿತು. 1880ರಲ್ಲಿ ಊರಿನವರೇ ಹಣ ಹೊಂದಿಸಿ ಒಂದು ಕವಲು ಹಳಿ ಹಾಕಿಸಿಕೊಂಡರು. ವ್ಯಾಪಾರವೆಲ್ಲ ಆಲ್ಬುಕರ್ಕಿಗೆ ಹರಿಯಿತು. 1880ರಲ್ಲಿ 6,600ರಷ್ಟಿದ್ದ ಜನಸಂಖ್ಯೆ 1910ರ ಹೊತ್ತಿಗೆ 5,000ದ ಆಸುಪಾಸಿಗೆ ಇಳಿದಿತ್ತು.

ಆ ಮೂವತ್ತು ವರ್ಷಗಳಲ್ಲಿ ಸಾಂಟಾ ಫೆ ಬೇರೆ ಅಮೆರಿಕನ್ ಊರುಗಳಂತೆ ಕಾಣಲು ಪಟ್ಟ ಪಾಡು ಕಡಿಮೆಯಲ್ಲ. ಮಣ್ಣಿನ ಮನೆ ಹಿಂದುಳಿದವರ ಗುರುತೆಂದು ಸುಟ್ಟ ಇಟ್ಟಿಗೆ ತಂದರು, ಕೆತ್ತನೆಯ ಮರದ ಕಟಾಂಜನ ಹಾಕಿದರು. ಫ್ರಾನ್ಸಿನಿಂದ ಬಂದಿದ್ದ ಬಿಷಪ್ ಲೇಮಿ (ರೈಲು ನಿಲ್ದಾಣಕ್ಕೆ ಅವರದೇ ಹೆಸರು) ತಮ್ಮ ನಾಡಿನ ಮಾದರಿಯಲ್ಲಿ ಕಲ್ಲಿನ ಕೆಥೀಡ್ರಲ್ ಕಟ್ಟಿಸಿದರು. ಹಳೆಯ ಮಣ್ಣಿನ ಚರ್ಚನ್ನು ಮೊದಲು ಕೆಡವದೆ, ಅದರ ಸುತ್ತಲೂ ಹೊಸದರ ಗೋಡೆ ಎಬ್ಬಿಸಿ, ಪ್ರಾರ್ಥನೆ ನಿಲ್ಲದಂತೆ ನೋಡಿಕೊಂಡರು. ಕೊನೆಗೆ ಒಳಗಿನ ಹಳೆಯ ಚರ್ಚನ್ನು ಒಡೆದು ಮುಂಬಾಗಿಲಿನಿಂದಲೇ ಮಣ್ಣು ಹೊತ್ತು ಹಾಕಿದರು.

1912ರ ಜನವರಿಯಲ್ಲಿ ನ್ಯೂ ಮೆಕ್ಸಿಕೋಗೆ ರಾಜ್ಯದ ಪಟ್ಟ ಸಿಕ್ಕಿತು. ಕಾರ್ಖಾನೆಯಿಲ್ಲ, ದೊಡ್ಡ ವ್ಯಾಪಾರವಿಲ್ಲ. ಉಳಿದಿದ್ದ ಬಂಡವಾಳ ಹಳೆತನ ಮಾತ್ರ. ಎಡ್ಗರ್ ಹ್ಯೂವೆಟ್, ಸಿಲ್ವೇನಸ್ ಮಾರ್ಲಿ ಮುಂತಾದ ಪುರಾತತ್ವದವರು ಹಳೆಯ ಮನೆಗಳ ಫೋಟೋ ತೆಗೆದು, ಸುತ್ತಲಿನ ಮೂಲನಿವಾಸಿಗಳಾದ ಪ್ವೆಬ್ಲೊ ಜನರ ಹಳ್ಳಿಗಳ ಮನೆಗಳನ್ನೂ ಸ್ಪ್ಯಾನಿಷ್ ಚರ್ಚುಗಳನ್ನೂ ನೋಡಿ, ಎಲ್ಲವನ್ನೂ ಬೆರೆಸಿ 'ಸಾಂಟಾ ಫೆ ಶೈಲಿ' ಎಂಬುದೊಂದನ್ನು ರೂಪಿಸಿದರು. ಮೊದಲು ಕೈ ಹಾಕಿದ್ದು ಊರ ನಡುವಿನ ಚೌಕವಾದ ಪ್ಲಾಜಾದ ಉತ್ತರಕ್ಕಿರುವ ಗವರ್ನರರ ಅರಮನೆಗೆ. ಅದನ್ನು ಕಟ್ಟಲು ಶುರುಮಾಡಿದ್ದು 1610ರಲ್ಲಿ. ಇಂದು ಪ್ರವಾಸಿಗಳು ಫೋಟೋ ತೆಗೆದುಕೊಳ್ಳುವ ಅದರ ಮರದ ಕಂಬಗಳ ಉದ್ದನೆಯ ಮೊಗಸಾಲೆ ಮಾತ್ರ 1913ರದು. ಅಲ್ಲಿದ್ದ ವಿಕ್ಟೋರಿಯನ್ ಕಟಾಂಜನವನ್ನು ಕಿತ್ತು, ಹಿಂದೆ ಹೀಗಿದ್ದಿರಬೇಕು ಎಂದು ಅಂದಾಜಿಸಿ ಕಟ್ಟಿದ್ದು. ಅದೇ ಬೀದಿಯಲ್ಲಿರುವ ಕಲಾ ಸಂಗ್ರಹಾಲಯ ಅಕೋಮಾ ಎಂಬ ಪ್ವೆಬ್ಲೊ ಹಳ್ಳಿಯಲ್ಲಿರುವಂಥ ಹಳೆಯ ಮಿಷನ್ ಚರ್ಚುಗಳನ್ನು ನೋಡಿ 1917ರಲ್ಲಿ ಕಟ್ಟಿದ್ದು. 1957ರಲ್ಲಿ ಇದೆಲ್ಲ ಕಾನೂನೇ ಆಯಿತು. ಊರಿನ ಹಳೆಯ ಭಾಗದಲ್ಲಿ ಗೋಡೆಯ ಬಣ್ಣ, ಕಿಟಕಿಯ ಅಳತೆ ಎಲ್ಲಕ್ಕೂ ಈಗ ನಿಯಮವಿದೆ. ಬ್ಯಾಂಕೂ ಮಣ್ಣಿನ ಬಣ್ಣ, ಕಾರು ನಿಲ್ಲಿಸುವ ಬಹುಮಹಡಿ ಕಟ್ಟಡವೂ ಮಣ್ಣಿನ ಬಣ್ಣ. ನನಗೆ ಎಲ್ಲಕ್ಕಿಂತ ಹಿಡಿಸುವುದು ಹಳೆಯ ಶಾಸನಸಭೆಯ ಕಥೆ. 1900ರಲ್ಲಿ ಕಟ್ಟಿದ ಅದಕ್ಕೆ ಬೇರೆ ರಾಜ್ಯಗಳಿಗಿರುವಂತೆ ಗುಮ್ಮಟವಿತ್ತು. ಊರಿನ ಚಹರೆಗೆ ಒಗ್ಗದು ಎಂದು 1950ರ ದಶಕದ ಆರಂಭದಲ್ಲಿ ಆ ಗುಮ್ಮಟವನ್ನೇ ತೆಗೆದುಹಾಕಿದರು!

ಅಮ್ಮ ಬಂದಿದ್ದಾಗ ಪ್ಲಾಜಾದ ಪಕ್ಕದ ಬೀದಿಯಲ್ಲಿ ಒಂದು ಗೋಡೆಯನ್ನು ಬೆರಳ ಗಣ್ಣಿನಿಂದ ತಟ್ಟಿ ನೋಡಿದಳು. ಅವಳು ಹುಟ್ಟಿದ್ದು ಚಳ್ಳಕೆರೆ ಕಡೆಯ ಮಣ್ಣಿನ ಮಾಳಿಗೆ ಮನೆಯಲ್ಲಿ.

"ಇದು ಮಣ್ಣಲ್ಲ ಕಣೋ. ಸಿಮೆಂಟು. ಒಳಗೆ ಟೊಳ್ಳು."

"ಮೇಲೆ ಮಣ್ಣಿನ ಬಣ್ಣ ಬಳಿದಿರ್ತಾರಮ್ಮ."

"ಅದ್ಯಾಕೆ? ನಮ್ಮೂರಲ್ಲಿ ದುಡ್ಡಿದ್ದೋರು ಮಣ್ಣಿನ ಗೋಡೆ ಮುಚ್ಚೋಕೆ ಸಿಮೆಂಟು ಹಾಕ್ತಾರೆ. ಇವರು ಸಿಮೆಂಟು ಮುಚ್ಚೋಕೆ ಮಣ್ಣಿನ ಬಣ್ಣ ಹಾಕ್ತಾರಲ್ಲ."

ಅಮ್ಮ ಹೇಳಿದ್ದು ಸರಿ. ಇಲ್ಲಿ ಹೊಸದಾಗಿ ಕಟ್ಟುವ ಹೆಚ್ಚಿನ ಮನೆಗಳು ಮರದ ಚೌಕಟ್ಟಿನ ಮೇಲೆ ಗಾರೆ ಮೆತ್ತಿದವು. ನಿಜವಾದ ಅಡೋಬೆ ಅಂದರೆ ಮಣ್ಣು, ಮರಳು, ಹುಲ್ಲು ಕಲಸಿ ಅಚ್ಚಿಗೆ ಹಾಕಿ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ. ಅದೇ ಮಣ್ಣಿನ ಕೆಸರಿನಿಂದ ಕಟ್ಟಿ, ಅದೇ ಮಣ್ಣಿನಿಂದ ಮೆತ್ತುವುದು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಒಂದೇ ತೊಂದರೆ, ಅದಕ್ಕೆ ಚಾಕರಿ ಮಾಡುತ್ತಲೇ ಇರಬೇಕು. ಮಳೆ, ಹಿಮಕ್ಕೆ ಮೇಲಿನ ಪದರ ಕರಗುತ್ತದೆ, ಮತ್ತೆ ಮೆತ್ತಬೇಕು. ಈ ಮೆತ್ತುವ ಕೆಲಸ ಇಲ್ಲಿನ ಸ್ಪ್ಯಾನಿಷ್ ಹಳ್ಳಿಗಳಲ್ಲಿ ತಲೆಮಾರುಗಳಿಂದ ಹೆಂಗಸರದು. ಅವರನ್ನು 'ಎನ್‌ಹರಡೋರಾ' ಎನ್ನುತ್ತಾರೆ. ಉತ್ತರಕ್ಕೆ ಟಾವೋಸ್ ಹತ್ತಿರ ರಾಂಚೋಸ್ ಎಂಬಲ್ಲಿ ಸಂತ ಫ್ರಾನ್ಸಿಸರ ದೊಡ್ಡ ಮಣ್ಣಿನ ಚರ್ಚಿದೆ. ವರ್ಷವರ್ಷ ಯಾರು ಮೆತ್ತುವುದು ಎಂದು 1967ರಲ್ಲಿ ಅದಕ್ಕೆ ಸಿಮೆಂಟು ಗಾರೆ ಮಾಡಿಸಿದರು. ಸಿಮೆಂಟಿನ ಬಿರುಕಿನಲ್ಲಿ ನೀರು ಇಳಿಯಿತು, ಹೊರಕ್ಕೆ ಆರಲು ದಾರಿಯಿಲ್ಲದೆ ಒಳಗಿನ ಇಟ್ಟಿಗೆ ಮೆತ್ತಗಾಗತೊಡಗಿತು. 1979ರಲ್ಲಿ ಸಿಮೆಂಟೆಲ್ಲ ಕಿತ್ತುಹಾಕಿದರು. ಈಗ ಪ್ರತಿ ಬೇಸಿಗೆಯಲ್ಲಿ ಊರಿನವರು ಕೂಡಿ ಮಣ್ಣು ಕಲಸಿ ಮೆತ್ತುತ್ತಾರೆ. ಅಮ್ಮನಿಗೆ ಆ ಚರ್ಚು ತೋರಿಸಿದಾಗ ಗೋಡೆ ತಟ್ಟಲಿಲ್ಲ. ಮಾಳಿಗೆಯ ಮೇಲೆ ಚೌಳು ಮಣ್ಣು ಹಾಕ್ತಾರೋ ಇಲ್ಲವೋ ಕೇಳು ಎಂದಳು. ಉತ್ತರ ಹೇಳುವವರು ಅಲ್ಲಿ ಯಾರೂ ಸಿಗಲಿಲ್ಲ.

ಇಷ್ಟು ಗೋಡೆಯ ವಿಷಯ. ಗೋಡೆಗಳು ಯಾವ ಹಳೆತನವನ್ನು ತೋರಿಸಬೇಕು, ಯಾವುದನ್ನು ಮುಚ್ಚಬೇಕು ಎನ್ನುವಲ್ಲಿ ಊರಿನ ನಿಜವಾದ ಕಥೆ ಇದೆ.

1610ರಲ್ಲಿ ಪೇದ್ರೋ ದೆ ಪೆರಾಲ್ಟಾ ಎಂಬ ಸ್ಪ್ಯಾನಿಷ್ ಗವರ್ನರ್ ಇಲ್ಲಿ ರಾಜಧಾನಿ ಹೂಡುವ ಎಷ್ಟೋ ಮೊದಲೇ ಈ ಹೊಳೆಯ ದಂಡೆಯಲ್ಲಿ ತೇವಾ ಭಾಷೆಯ ಜನ ಬದುಕಿದ್ದರು. ಸುತ್ತಲಿನ ಪ್ವೆಬ್ಲೊ ಹಳ್ಳಿಗಳ ಜನರಿಂದ ಸ್ಪೇನಿನವರು ಜೋಳ, ಬಟ್ಟೆ ಕಪ್ಪವಾಗಿ ವಸೂಲಿ ಮಾಡಿದರು, ಬಿಟ್ಟಿ ದುಡಿಸಿದರು. ಫ್ರಾನ್ಸಿಸ್ಕನ್ ಪಾದ್ರಿಗಳು ಅವರ ಕುಣಿತದ ಮುಖವಾಡಗಳನ್ನು ರಾಶಿ ಹಾಕಿ ಸುಟ್ಟರು. ಅದರ ಜೊತೆಗೆ ಬರಗಾಲ, ರೋಗ. 1675ರಲ್ಲಿ 47 ಮಂದಿ ಪ್ವೆಬ್ಲೊ ಪೂಜಾರಿಗಳನ್ನು ಮಾಟಗಾರರೆಂದು ಹಿಡಿದು ತಂದು ಕೆಲವರನ್ನು ಗಲ್ಲಿಗೇರಿಸಿದರು, ಉಳಿದವರಿಗೆ ಛಡಿ ಏಟು ಹೊಡೆಸಿದರು. ಏಟು ತಿಂದವರಲ್ಲಿ ಓಕೇ ಓವಿಂಗೆ ಹಳ್ಳಿಯ ಪೊಪೇ ಒಬ್ಬ.

ಐದು ವರ್ಷ ಅವನು ಸುಮ್ಮನಿದ್ದಂತೆ ಕಂಡ. ಒಳಗೊಳಗೇ ಹಳ್ಳಿ ಹಳ್ಳಿಗೆ ಮಾತು ಹೋಗುತ್ತಿತ್ತು. ಒಂದು ಹಳ್ಳಿಯ ಭಾಷೆ ಇನ್ನೊಂದಕ್ಕೆ ತಿಳಿಯದು, ಬರವಣಿಗೆಯಿಲ್ಲ, ನೂರಾರು ಮೈಲಿ ದೂರ. 1680ರ ಆಗಸ್ಟಿನಲ್ಲಿ ಓಟಗಾರರ ಕೈಯಲ್ಲಿ ಗಂಟು ಹಾಕಿದ ಹುರಿಗಳನ್ನು ಕಳಿಸಿದರು. ದಿನಕ್ಕೊಂದು ಗಂಟು ಬಿಚ್ಚಬೇಕು, ಕೊನೆಯ ಗಂಟಿನ ದಿನ ಎಲ್ಲರೂ ಒಟ್ಟಿಗೆ ಏಳಬೇಕು. ಆಗಸ್ಟ್ 9ರಂದು ಇಬ್ಬರು ಓಟಗಾರರು ಸ್ಪೇನಿನವರ ಕೈಗೆ ಸಿಕ್ಕಿಬಿದ್ದರು. ಗುಟ್ಟು ಹೊರಬಿತ್ತೆಂದು ತಿಳಿದ ಪ್ವೆಬ್ಲೊ ಜನ ನಿಗದಿಯಾದ ದಿನಕ್ಕೆ ಕಾಯದೆ ಮರುದಿನ ಬೆಳಿಗ್ಗೆಯೇ ಎದ್ದರು. ಸುಮಾರು 400 ಸ್ಪೇನಿನವರು ಸತ್ತರು. ಅವರಲ್ಲಿ 21 ಮಂದಿ ಪಾದ್ರಿಗಳು. ಉಳಿದವರು ಗವರ್ನರರ ಅರಮನೆಯೊಳಗೆ ಸೇರಿಕೊಂಡರು. ಮುತ್ತಿಗೆ ಹಾಕಿದವರು ಅರಮನೆಗೆ ನೀರು ತರುತ್ತಿದ್ದ ಕಾಲುವೆಯನ್ನು ಕಟ್ಟಿಹಾಕಿದರು. ಅಲ್ಲಿಗೆ ಆಟ ಮುಗಿಯಿತು. ಆಗಸ್ಟ್ 21ರಂದು ಗವರ್ನರ್ ಓಟರ್ಮಿನ್ ಉಳಿದ ಜನರೊಂದಿಗೆ ಹೊರಟ. ಪ್ವೆಬ್ಲೊ ಜನ ದಾರಿಯುದ್ದಕ್ಕೂ ಬೆಟ್ಟದ ಮೇಲೆ ನಿಂತು ನೋಡಿದರೇ ಹೊರತು ತಡೆಯಲಿಲ್ಲ. ಇಡೀ ಪ್ರಾಂತ್ಯದಿಂದ ಎರಡು ಸಾವಿರದಷ್ಟು ಜನ ದಕ್ಷಿಣದ ಎಲ್ ಪಾಸೋ ಸೇರಿದರು.

ಮುಂದಿನ ಹನ್ನೆರಡು ವರ್ಷ ಅರಮನೆಯಲ್ಲಿ ಪ್ವೆಬ್ಲೊ ಜನ ವಾಸವಾಗಿದ್ದರು. ಬಾಗಿಲು ಮುಚ್ಚಿ, ಅಂತಸ್ತಿನ ಮೇಲೆ ಅಂತಸ್ತು ಏರಿಸಿ ಅದನ್ನು ತಮ್ಮ ಹಳ್ಳಿಯ ಮನೆಯನ್ನಾಗಿ ಮಾಡಿಕೊಂಡಿದ್ದರು. 1913ರಲ್ಲಿ ಅರಮನೆಯನ್ನು 'ಹಳೆಯ ರೂಪಕ್ಕೆ' ತಂದವರು ತರಬಹುದಾಗಿದ್ದ ಹಳೆಯ ರೂಪಗಳಲ್ಲಿ ಇದೂ ಒಂದು! ಹೊಸ ಕಂಬಗಳ ಮೊಗಸಾಲೆಯನ್ನು ನೋಡಿದಾಗಲೆಲ್ಲ ಇದು ನೆನಪಾಗುತ್ತದೆ. ಪೊಪೇಯ ಅಮೃತಶಿಲೆಯ ಪ್ರತಿಮೆ ಈಗ ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿದೆ, 2005ರಲ್ಲಿ ನ್ಯೂ ಮೆಕ್ಸಿಕೋ ಕಳಿಸಿದ್ದು. ಕೆತ್ತಿದ್ದು ಹೇಮೆಸ್ ಪ್ವೆಬ್ಲೊದ ಕ್ಲಿಫ್ ಫ್ರಾಗ್ವಾ. ಕೈಯಲ್ಲಿ ಗಂಟಿನ ಹುರಿ ಹಿಡಿದು ನಿಂತಿದ್ದಾನೆ.

ಊರಿನ ದೊಡ್ಡ ಹಬ್ಬವಾದ ಫಿಯೆಸ್ಟಾ ಮಾತ್ರ ಮರಳಿ ಬಂದವರದು. 1692ರಲ್ಲಿ ಡಿಯೆಗೋ ದೆ ವಾರ್ಗಾಸ್ ಬಂದು, ಮಾತುಕತೆಯಿಂದಲೇ ಊರನ್ನು ಮತ್ತೆ ಸ್ಪೇನಿನ ಹೆಸರಿಗೆ ಮಾಡಿಕೊಂಡು ಹೋದ. 'ರಕ್ತವಿಲ್ಲದ ಮರುವಿಜಯ' ಎಂದು ಹಬ್ಬದಲ್ಲಿ ಹಾಡಿ ಹೊಗಳುತ್ತಿದ್ದದ್ದು ಇದನ್ನೇ. ಮುಂದಿನ ವರ್ಷ ಅವನು ಕುಟುಂಬಗಳನ್ನು ಕಟ್ಟಿಕೊಂಡು ನೆಲೆಸಲು ಬಂದಾಗ ಅರಮನೆಯಲ್ಲಿದ್ದವರು ಬಿಟ್ಟುಕೊಡಲಿಲ್ಲ. ಕಾಳಗವಾಯಿತು. ಗೆದ್ದ ಮೇಲೆ 70 ಮಂದಿಯನ್ನು ಕೊಲ್ಲಿಸಿದ, ಸುಮಾರು 400 ಹೆಂಗಸರು ಮಕ್ಕಳನ್ನು ಜೀತಕ್ಕೆ ಹಂಚಿದ. ಹಬ್ಬದ ಕಥೆಯಲ್ಲಿ 1693 ಬರುತ್ತಿರಲಿಲ್ಲ.

1712ರಲ್ಲಿ ಊರಿನ ಪ್ರಮುಖರು ವರ್ಷವರ್ಷ ಹಬ್ಬ ಮಾಡಬೇಕೆಂದು ಘೋಷಣೆ ಬರೆಸಿದರು. ಅದರ ನಡುವೆ ಇರುವವಳು 'ಲಾ ಕೊಂಕಿಸ್ತದೋರಾ' ಎಂಬ ಮರದ ಮೇರಿ ಮಾತೆ, ಮೂರಡಿಗೂ ಕಮ್ಮಿ ಎತ್ತರದವಳು. 1620ರ ದಶಕದಲ್ಲಿ ಇಲ್ಲಿಗೆ ಬಂದವಳು, 1680ರಲ್ಲಿ ಓಡಿದವರ ಜೊತೆ ಎಲ್ ಪಾಸೋಗೆ ಹೋಗಿ ವಾರ್ಗಾಸನ ಜೊತೆ ಮರಳಿದವಳು. ಅವಳಿಗೆ ಪೆಟ್ಟಿಗೆ ತುಂಬ ಉಡುಗೆಗಳಿವೆ. ಹಬ್ಬಕ್ಕೆ ತಕ್ಕ ಉಡುಗೆ ತೊಡಿಸಿ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಅವಳಿರುವ ಪುಟ್ಟ ಗುಡಿ, ಲೇಮಿಯವರು ಕೆಡವಿಸದೆ ಉಳಿಸಿದ ಹಳೆಯ ಮಣ್ಣಿನ ಚರ್ಚಿನ ತುಂಡು. 1973ರಲ್ಲಿ ಅವಳನ್ನು ಯಾರೋ ಕದ್ದರು, ಹಣ ಕೊಡಿ ಎಂದು ಪತ್ರ ಬಂತು, ಕೆಲವು ವಾರಗಳ ಮೇಲೆ ಒಂದು ಪಾಳು ಗಣಿಯಲ್ಲಿ ಸಿಕ್ಕಳು. ಈಚಿನ ದಶಕಗಳಲ್ಲಿ ಚರ್ಚಿನವರು ಅವಳನ್ನು 'ಶಾಂತಿಯ ಮಾತೆ' ಎಂದೂ ಕರೆಯುತ್ತಾರೆ. ಹಳಬರು ಕೊಂಕಿಸ್ತದೋರಾ ಎಂದೇ ಕೈ ಮುಗಿಯುತ್ತಾರೆ.

ಫಿಯೆಸ್ಟಾದಲ್ಲಿ ವಾರ್ಗಾಸನ ವೇಷ ಹಾಕಿದವನು ಕುದುರೆಯ ಮೇಲೆ ಪ್ಲಾಜಾಕ್ಕೆ ಬರುವ 'ಎಂಟ್ರಾಡಾ' ಎಂಬ ಆಟ ಇತ್ತು. ಹೆಸರು 1712ರ ಹಬ್ಬದ್ದಾದರೂ ಈಗಿನ ರೂಪ ಕಳೆದ ಶತಮಾನದ್ದು. ಪ್ವೆಬ್ಲೊ ಯುವಕರು ಪ್ರತಿಭಟಿಸಿದರು, 2017ರಲ್ಲಿ ಬಂಧನಗಳೂ ಆದವು. ಮರುವರ್ಷ ಪ್ವೆಬ್ಲೊ ಮುಖಂಡರೂ ಹಬ್ಬ ನಡೆಸುವವರೂ ಕೂತು ಮಾತಾಡಿ ಎಂಟ್ರಾಡಾವನ್ನು ಕೈಬಿಟ್ಟರು. ಇದನ್ನು ನಾನು ಊರಿನ ಹಿರಿಮೆ ಎಂದೇ ಎಣಿಸುತ್ತೇನೆ. ವಾರ್ಗಾಸನ ಜೊತೆ ಬಂದ ಕುಟುಂಬಗಳ ಮೊಮ್ಮಕ್ಕಳಿಗೆ ಅದು ಸುಲಭದ ಮಾತಾಗಿರಲಿಲ್ಲ. 1848ರಲ್ಲಿ ಮೆಕ್ಸಿಕೋ ಈ ನಾಡನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟ ನಂತರ ಇಂಗ್ಲಿಷ್ ಮಾತಾಡುವ ಅಮೆರಿಕನ್ನರ ಕೈಕೆಳಗೆ ಜಮೀನು ಕಳೆದುಕೊಂಡವರು ಅವರು. ಹಬ್ಬವೊಂದೇ ತಮ್ಮದೆಂದು ಉಳಿದಿತ್ತು.

ಎಲ್ಲರೂ ಒಪ್ಪುವ ಆಚರಣೆ ಯಾವುದೆಂದರೆ ಈ ಊರಿನಲ್ಲಿ ತೀರಾ ಹೊಸದು. ವಿಲ್ ಶುಸ್ಟರ್ ಎಂಬ ಚಿತ್ರಕಾರ ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಕುಡಿದು ಹಾಳಾದ ಶ್ವಾಸಕೋಶ ಹೊತ್ತು, ಒಣ ಹವೆಗಾಗಿ ಇಲ್ಲಿ ಬಂದು ನೆಲೆಸಿದವನು. 1924ರಲ್ಲಿ ಗೆಳೆಯರನ್ನು ಕರೆದು ಹಿತ್ತಲಲ್ಲಿ ಒಂದು ಬೊಂಬೆ ಮಾಡಿ ಸುಟ್ಟ. ಮೆಕ್ಸಿಕೋದ ಯಾಕಿ ಜನ ಜೂದಾಸನ ಬೊಂಬೆ ಸುಡುವುದರಿಂದ ಹೊಳೆದ ಯೋಚನೆ. ಅದೇ ಬೆಳೆದು ಈಗ ಐವತ್ತು ಅಡಿಯ 'ಜೊಜೊಬ್ರಾ' ಆಗಿದೆ: ಬಿಳಿ ಬಟ್ಟೆ, ದೊಡ್ಡ ಕಿವಿ, ಜೋತ ತುಟಿ, ಊರಿನ ವರ್ಷದ ಕಳವಳವನ್ನೆಲ್ಲ ಹೊತ್ತವನು. ವಿಚ್ಛೇದನದ ಕಾಗದ, ತೀರಿದ ಸಾಲದ ಪತ್ರ, ಪೊಲೀಸ್ ವರದಿ, ಹಳೆಯ ಪ್ರೇಮಪತ್ರ ಎಲ್ಲವನ್ನೂ ಜನ ಅವನ ಹೊಟ್ಟೆಗೆ ತುಂಬಲು ಕೊಡುತ್ತಾರೆ. ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಶುಕ್ರವಾರ ರಾತ್ರಿ ಸಾವಿರಾರು ಜನ 'ಸುಡು ಅವನನ್ನ' ಎಂದು ಕೂಗುತ್ತಿರುವಾಗ, ಅವನು ಕೈ ಬೀಸುತ್ತ ನರಳುತ್ತ ಉರಿಯುತ್ತಾನೆ. ನರಳುವ ದನಿ ಧ್ವನಿವರ್ಧಕದ್ದು, ಆದರೂ ಚಿಕ್ಕ ಮಕ್ಕಳು ಅಳುತ್ತವೆ. ಕಿವಾನಿಸ್ ಎಂಬ ಸೇವಾ ಕ್ಲಬ್ಬಿನವರು ಇದನ್ನು ನಡೆಸಿ ಬಂದ ಹಣವನ್ನು ಮಕ್ಕಳ ಕೆಲಸಗಳಿಗೆ ಬಳಸುತ್ತಾರೆ. ಇದರಲ್ಲಿ ಯಾರೂ ಯಾರನ್ನೂ ಗೆದ್ದಿಲ್ಲ. ಅದಕ್ಕೇ ಎಲ್ಲರೂ ಬರುತ್ತಾರೆ ಎಂದು ನನ್ನ ಅನಿಸಿಕೆ.

ಪ್ರವಾಸಿಗಳು ಕೇಳುವ ಲೊರೆಟೋ ಗುಡಿಯ ಸುರುಳಿ ಮೆಟ್ಟಿಲಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಡುಗಂಬವಿಲ್ಲದ ಆ 33 ಮೆಟ್ಟಿಲು ಸಂತ ಜೋಸೆಫರೇ ಬಂದು ಮಾಡಿದ್ದು ಎಂದು ಟಿಕೆಟ್ ಕೊಂಡು ಕೇಳಿಸಿಕೊಳ್ಳಬಹುದು. ರೋಶಾಸ್ ಎಂಬ ಫ್ರೆಂಚ್ ಬಡಗಿ ಮಾಡಿದ್ದು ಎನ್ನುವ ಇತಿಹಾಸಕಾರ್ತಿಯ ಮಾತೇ ನನಗೆ ಹೆಚ್ಚು ಇಷ್ಟ. ಬಡಗಿಗೆ ಸಲ್ಲಬೇಕಾದ್ದು ಬಡಗಿಗೆ.

ಅರಮನೆಯ ಮೊಗಸಾಲೆಯಲ್ಲಿ ಬೆಳಿಗ್ಗೆ ಬೇಗ ಹೋದರೆ ಬೇರೊಂದು ನೋಟ ಸಿಗುತ್ತದೆ. ಬೆಳ್ಳಿ, ಹಸಿರುನೀಲಿ ಕಲ್ಲು, ಮಡಕೆ ಮಾರಲು ಮೂಲನಿವಾಸಿ ಕುಶಲಕರ್ಮಿಗಳು ಅಲ್ಲಿ ಕೂರುತ್ತಾರೆ. ಬರುವವರು ಹೆಚ್ಚು, ಜಾಗ ಕಡಿಮೆ. ದಿನಾ ಬೆಳಿಗ್ಗೆ ಚೀಟಿ ಎತ್ತಿ ಜಾಗ ಹಂಚುತ್ತಾರೆ. ಸ್ವತಃ ಇಲ್ಲವೇ ಮನೆಯವರು ಕೈಯಾರೆ ಮಾಡಿದ್ದನ್ನು ಮಾತ್ರ ಮಾರಬೇಕು. ಚೀಟಿಯಲ್ಲಿ ಹೆಸರು ಬಾರದವರು ಅಷ್ಟು ದೂರದಿಂದ ಬಂದವರು ಹಾಗೇ ವಾಪಸು. ಬೆಲೆ ಚೌಕಾಸಿ ಮಾಡಲು ಹೊರಡುವ ನಮ್ಮ ನೆಂಟರಿಗೆ ನಾನು ಮೊದಲೇ ಇದನ್ನು ಹೇಳಿರುತ್ತೇನೆ. ಮಧ್ಯಾಹ್ನದ ಊಟದ ಹೊತ್ತಿಗೆ ಅವರ ಮನಸ್ಸು ಹೇಗೂ ಸರಿಯಾಗುತ್ತದೆ. ಇಲ್ಲಿನ ಹೋಟೆಲುಗಳಲ್ಲಿ ಕೆಂಪೋ ಹಸಿರೋ ಎಂದು ಮೊದಲೇ ಕೇಳುತ್ತಾರೆ, ಮೆಣಸಿನ ಗೊಜ್ಜಿನ ಬಗ್ಗೆ. ಎರಡೂ ಬೇಕಾದರೆ 'ಕ್ರಿಸ್ಮಸ್' ಎನ್ನಬೇಕು. ಮೆಣಸಿನಕಾಯಿ ನಮ್ಮ ಅಡುಗೆಮನೆಗೆ ಬಂದದ್ದೇ ಅಮೆರಿಕ ಖಂಡದಿಂದ, ಪೋರ್ಚುಗೀಸರ ಹಡಗಿನಲ್ಲಿ ಎಂದರೆ ಊಟದ ಮೇಜಿನಲ್ಲಿ ಯಾರೂ ನಂಬುವುದಿಲ್ಲ.

ಪ್ಲಾಜಾದ ನಡುವೆ 1868ರಿಂದ ಒಂದು ಕಲ್ಲಿನ ಕಂಬವಿತ್ತು, ಅಮೆರಿಕದ ಸೈನಿಕರ ಸ್ಮಾರಕ. 'ಅನಾಗರಿಕ ಇಂಡಿಯನ್ನರ' ಜೊತೆ ಕಾದಿ ಸತ್ತ ವೀರರಿಗೆ ಎಂದು ಅದರ ಒಂದು ಬದಿಯಲ್ಲಿ ಕೆತ್ತಿದ್ದರು. 1974ರಲ್ಲಿ ಒಬ್ಬ ಕೂಲಿಯವನಂತೆ ಉಡುಪು ತೊಟ್ಟು ಹಾಡಹಗಲೇ ಬಂದು, ಉಳಿ ಸುತ್ತಿಗೆಯಿಂದ 'ಅನಾಗರಿಕ' ಎಂಬುದನ್ನಷ್ಟೇ ಕೆತ್ತಿ ತೆಗೆದು ಹೋದ. ಆ ಗುಳಿ ಹಾಗೇ ಇತ್ತು. 2020ರ ಅಕ್ಟೋಬರ್ 12ರಂದು, ಮೂಲನಿವಾಸಿಗಳ ದಿನ, ಹಗ್ಗ ಸರಪಳಿ ಹಾಕಿ ಕಂಬವನ್ನೇ ಎಳೆದು ಕೆಡವಿದರು. ಆಮೇಲೆ ಉಳಿದ ಬುಡಕ್ಕೆ ಹಲಗೆಯ ಪೆಟ್ಟಿಗೆ ಮುಚ್ಚಿದರು. ಸ್ಮಾರಕದ ಮೇಲೆ ಆಗಲೂ ಜಗಳ, ಈಗಲೂ ಜಗಳ.

ನನಗೆ ಅದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು ಕಲ್ಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಪುಟ್ಟ ಊರಿನಲ್ಲಿ ಎರಡು ಗುಟ್ಟುಗಳಿದ್ದವು. ಒಂದು ಎಲ್ಲರಿಗೂ ಗೊತ್ತು: ಹತ್ತಿರದ ಲಾಸ್ ಅಲಾಮೋಸಿನಲ್ಲಿ ಅಣುಬಾಂಬು ಮಾಡಲು ಬಂದ ವಿಜ್ಞಾನಿಗಳು ಮೊದಲು ಹಾಜರಿ ಹಾಕುತ್ತಿದ್ದದ್ದು ಪ್ಲಾಜಾದ ಹತ್ತಿರ ಪ್ಯಾಲೆಸ್ ಬೀದಿಯ 109ನೇ ನಂಬರಿನ ಕಚೇರಿಯಲ್ಲಿ. (ಆ ವಿಜ್ಞಾನಿಗಳಲ್ಲೊಬ್ಬನಾದ ಕ್ಲೌಸ್ ಫ್ಯೂಕ್ಸ್ ಬಾಂಬಿನ ಮಾಹಿತಿಯನ್ನು ಸೋವಿಯತ್ ಬೇಹುಗಾರರ ಸಂದೇಶವಾಹಕನಿಗೆ ದಾಟಿಸಿದ್ದೂ ಈ ಊರಿನ ಒಂದು ಸೇತುವೆಯ ಬಳಿಯೇ, 1945ರ ಜೂನಿನಲ್ಲಿ.) ಇನ್ನೊಂದು ಜಪಾನಿ ಮೂಲದ ಗಂಡಸರ ಸೆರೆಶಿಬಿರ. 1942ರಿಂದ 1946ರವರೆಗೆ 4,555 ಜನ ಅಲ್ಲಿದ್ದರು. ಪಾದ್ರಿಗಳು, ಬೌದ್ಧ ಗುರುಗಳು, ಮಾಸ್ತರರು, ಪತ್ರಿಕೆಯವರು, ಯಾವ ಅಪರಾಧವೂ ಸಾಬೀತಾಗದವರು. ಶಿಬಿರವಿದ್ದಲ್ಲಿ ಈಗ ಮನೆಗಳ ಬಡಾವಣೆ.

1990ರ ದಶಕದ ಕೊನೆಗೆ ಅಲ್ಲೊಂದು ಗುರುತಿನ ಕಲ್ಲು ನಿಲ್ಲಿಸಬೇಕೆಂದು ಕೆಲವರು ಕೇಳಿದಾಗ ಊರು ಒಡೆಯಿತು. ವಿರೋಧಿಸಿದವರನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ನ್ಯೂ ಮೆಕ್ಸಿಕೋದಿಂದ ಫಿಲಿಪೈನ್ಸಿಗೆ ಹೋದ 1,800 ಸೈನಿಕರು ಜಪಾನಿಗೆ ಸೆರೆಸಿಕ್ಕು, ಕೈದಿಗಳನ್ನು ಮೈಲಿಗಟ್ಟಲೆ ಬಲವಂತದಿಂದ ನಡೆಸಿದ 'ಬತಾನ್ ಸಾವಿನ ನಡಿಗೆ'ಯಲ್ಲಿ, ಕೈದಿ ಶಿಬಿರಗಳಲ್ಲಿ ಅರ್ಧದಷ್ಟು ಜನ ತೀರಿಕೊಂಡಿದ್ದರು. ಆ ಗುಮ್ಮಟ ಕಳಚಿದ ಶಾಸನಸಭೆಗೆ ಈಗ ಅವರದೇ ನೆನಪಿನ ಹೆಸರು. ಉಳಿದು ಬಂದ ಮುದುಕರು, ನಮ್ಮೂರಿನಲ್ಲಿ ಜಪಾನಿಯರಿಗೆ ಕಲ್ಲೇ ಎಂದು ಕಣ್ಣೀರು ಹಾಕಿದರು. ಇತ್ತ ಒಳಗಿದ್ದವರು ಜಪಾನ್ ಸೈನಿಕರಲ್ಲ, ಅಮೆರಿಕದಲ್ಲಿ ದಶಕಗಳಿಂದ ಬದುಕಿದ್ದವರು, ಪೌರತ್ವ ಪಡೆಯಲು ಕಾನೂನೇ ಬಿಡದೆ ಇದ್ದವರು ಎಂದು ಇನ್ನೊಂದು ಬದಿ. ನಗರಸಭೆಯಲ್ಲಿ ಮತ ಸಮಸಮ ಬಂತು. ಮೇಯರ್ ಲ್ಯಾರಿ ಡೆಲ್ಗಾಡೊ ಕಲ್ಲಿನ ಪರ ಮತ ಹಾಕಿದರು. 2002ರಲ್ಲಿ ಕಲ್ಲು ನಿಂತಿತು.

ನೆಂಟರನ್ನು ಪ್ಲಾಜಾ ಸುತ್ತಿಸಿದ ಮೇಲೆ ನಾನು ಈಗ ಅಲ್ಲಿಗೂ ಕರೆದೊಯ್ಯುತ್ತೇನೆ. ಓರ್ಟಿಜ್ ಪಾರ್ಕ್ ಎಂಬ ಗುಡ್ಡದ ಮೇಲಿದೆ, ಒಂದು ಬಂಡೆ, ಅದರ ಮೇಲೊಂದು ಫಲಕ, ಕೆಳಗೆ ಶಿಬಿರವಿದ್ದ ಬಡಾವಣೆ ಕಾಣುತ್ತದೆ. ಮಣ್ಣಿನ ಗೋಡೆಯಿಲ್ಲ, ಅಂಗಡಿಯಿಲ್ಲ, ನೋಡಲು ಏನೂ ಇಲ್ಲವಲ್ಲ ಎಂದು ಕೆಲವರು ಗೊಣಗುತ್ತಾರೆ. ನೀವು ಹೋಗುವುದಾದರೆ ನಾಯಿಗಳನ್ನು ಓಡಾಡಿಸುವ ಪಾರ್ಕ್ ಎಲ್ಲಿ ಎಂದು ದಾರಿ ಕೇಳಿ. ಸ್ಮಾರಕ ಎಲ್ಲಿ ಎಂದರೆ ಪ್ಲಾಜಾ ಕಡೆಗೇ ಕೈ ತೋರಿಸಿಬಿಡಬಹುದು.